ಸೀಟು ಸಿಕ್ಕಿದೆ, ಯಾವುದೋ

ಸೋಮವಾರ ಬಂದ ಇ-ಮೇಲ್‌ನಲ್ಲಿ ಇದ್ದದ್ದು ಇಷ್ಟೇ: ನಿಮಗೆ ತಜ್ಞ ವೈದ್ಯ ತರಬೇತಿಯ ಸೀಟು ಸಿಕ್ಕಿದೆ. ಯಾವ ಆಸ್ಪತ್ರೆ, ಯಾವ ವಿಭಾಗ ಎಂದು ತಿಳಿಯಲು ಶುಕ್ರವಾರದವರೆಗೆ ಕಾಯಬೇಕು. ಯಾವ ಪುಣ್ಯಾತ್ಮ ಕಂಡುಹಿಡಿದ ಪದ್ಧತಿಯೋ! ಬ್ರಿಟಾ ಅದನ್ನು ಓದಿ ಮುಗಿಸುವಷ್ಟರಲ್ಲಿ ಅವಳ ತಾಯಿ ನೊರೀನ್ ತಮ್ಮ ಡುಲುತ್ ಊರಿಗೆಲ್ಲ ಡಂಗುರ ಸಾರಿಯಾಗಿತ್ತು.

“ನನ್ನ ಮಗಳು ಮೂಳೆ ಸರ್ಜನ್ ಆದ್ಲು ಕಣ್ರೀ!”

ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಗೆ ಹಿಂದಿನ ಎರಡು ವರ್ಷವೂ ಅರ್ಜಿ ಹಾಕಿ ಬರಿಗೈಯಲ್ಲಿ ಕೂತವಳು ಬ್ರಿಟಾ. ಅಂಕ ಕಡಿಮೆಯೇ? ಅಲ್ಲ. ಆದರೆ ಆ ಸಾಲಿನಲ್ಲಿ ನಿಂತ ಎಲ್ಲರದೂ ಅಷ್ಟೇ ಅಂಕ, ಎಲ್ಲರ ಕಂಕುಳಲ್ಲೂ ಸಂಶೋಧನೆಯ ಕಂತೆ. ಹಿಡಿಯಷ್ಟು ಸೀಟಿಗೆ ರಾಶಿ ಜನ. ಈ ಸಲ ಅವಳ ಗುರು ಡಾ. ಪೆಟ್ರಾಸ್ ಗದರಿದ್ದರು: “ಹಠ ಸಾಕಮ್ಮ. ಆಯ್ಕೆ ಪಟ್ಟಿಯ ಕೊನೇಲಿ ಒಂದು ಫ್ಯಾಮಿಲಿ ಮೆಡಿಸಿನ್ ಸೇರಿಸು. ಮೇಲಿನವ್ರು ಯಾರೂ ಕರೀದಿದ್ರೆ ಅದಾದ್ರೂ ಸಿಗುತ್ತೆ.” ಅವಳು ಅಮ್ಮನಿಗೆ ಹೇಳದೆ, ಒಲ್ಲದ ಮನಸ್ಸಿನಿಂದ ಸೇರಿಸಿದ್ದಳು. ಈಗ ಸಿಕ್ಕಿರುವುದು ಮೇಲಿನದೋ ಕೊನೆಯದೋ, ದೇವರೇ ಬಲ್ಲ.

ವಾರವಿಡೀ ಚರ್ಚಿನವರು ಬೆನ್ನು ತಟ್ಟಿದರು. ಪ್ರತಿ ಸಲವೂ ಅವಳಿಗೆ ಎಲ್ಲಾದರೂ ಹೋಗಿ ಮಲಗಿಬಿಡೋಣ ಎನಿಸುತ್ತಿತ್ತು.

ಶುಕ್ರವಾರ ಅಡುಗೆಮನೆಯ ಮೇಜಿನ ಮುಂದೆ ತಾಯಿ ಮಗಳು ಇಬ್ಬರೂ ಲ್ಯಾಪ್‌ಟಾಪಿಗೆ ಮುಖ ಇಟ್ಟು ನೋಡಿದರು. ಉತ್ತರದ ಒಂದು ಗಣಿ ಊರು. ಫ್ಯಾಮಿಲಿ ಮೆಡಿಸಿನ್.

“ಇದೇನೇ ಇದು? ಮೂಳೆ ಎಲ್ಲಿ?”

“ಇಲ್ಲಮ್ಮ. ನೆಗಡಿ, ಕೆಮ್ಮು, ಬಿಪಿ, ಬಾಣಂತಿ. ಎಲ್ಲಾ ನೋಡೋ ಡಾಕ್ಟರ್.”

ನೊರೀನ್ ಮಗಳ ತಲೆ ಸವರಿ, “ಹೋಗ್ಲಿ ಬಿಡು. ಮುಂದಿನ ವರ್ಷ ಮತ್ತೆ ಹಾಕಿದ್ರಾಯ್ತು,” ಎಂದಳು.

ಕೊನೆಯ ಸೀಟು ಸಿಕ್ಕೀತೆಂದಲ್ಲ, ಈ ಮಾತು ಬಂದೀತೆಂದೇ ತಾನು ಹೆದರಿದ್ದು ಎಂದು ಬ್ರಿಟಾಗೆ ಆಗ ಹೊಳೆಯಿತು.

“ಹಾಕಲ್ಲಮ್ಮ. ನನ್ ಕೈಲಾಗಲ್ಲ. ಇದಕ್ಕೇ ಹೋಗ್ತೀನಿ.” ಅಳು ಉಕ್ಕಿ ಬಂತು. ದುಃಖವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸುಸ್ತು.

ನೊರೀನ್ ಕುರ್ಚಿ ಎಳೆದು ಧೊಪ್ಪನೆ ಕೂತಳು. “ನಿಜ ತಾನೇ? ಆಮೇಲೆ ಮಾತು ಬದಲಾಯಿಸಲ್ಲ ತಾನೇ?”

“ಇಲ್ಲ.”

“ಉಸ್ಸಪ್ಪಾ! ನಿನ್ ಮೂಳೆ ಸೀಟಿಗೆ ಅಂತ ಮೂರು ವರ್ಷದಿಂದ ದಿನಾ ಮಂಡಿಯೂರಿ ಬೇಡ್ಕೊಂಡು ಬೇಡ್ಕೊಂಡು ನನ್ ಮಂಡಿ ಹೋಗಿದೆ ಕಣೇ. ಸಾಕು ಅಂತ ನೀನು ಯಾವಾಗ ಅಂತೀಯೋ ಅಂತ ಕಾಯ್ತಿದ್ದೆ.”