ರಾಕ್ಷಸನ ಮನೆಯ ಕಾಫಿ

ಒಂದಾನೊಂದು ಊರಿನಲ್ಲಿ ಒಬ್ಬ ರಾಕ್ಷಸನಿದ್ದ, ಅವನು ಯಾರನ್ನೂ ತಿನ್ನುತ್ತಿರಲಿಲ್ಲ, ಬಂದವರಿಗೆಲ್ಲ ತಿನ್ನಿಸುತ್ತಿದ್ದ — ಅಜ್ಜಿಯ ಕಥೆ ಹೀಗೇ ಶುರುವಾಗುತ್ತಿತ್ತು, ಈ ಹಬೆ ಮೂಗಿಗೆ ಬಡಿಯುತ್ತಲೇ ಅದು ನೆನಪಾಗಬೇಕೇ, ಚಿಕೋರಿಯ ಕಟುವಾಸನೆ, ಗಟ್ಟಿ ಹಾಲು, ನೊರೆ ಲೋಟದ ಅಂಚಿನವರೆಗೆ, ಮುರಾರಿ ಇವತ್ತು ಮನಸ್ಸಿಟ್ಟು ಮಾಡಿದ್ದಾನೆ, ಮಾಲಕರ ಕೋಣೆಗೆ ಬರುವ ಕಾಫಿ ಅಲ್ಲವಾ, ಹೊರಗೆ ಗಿರಾಕಿಗಳಿಗೆ ಸಿಗುವ ನೀರುಕಾಫಿ ಅಲ್ಲ — ಕುಡಿ ಮಗಾ, ಮೊದಲು ಕಾಫಿ ಕುಡಿ, ಮತ್ತೆ ಮಾತಾಡುವಾ, ಎನ್ನುತ್ತಾರೆ ಪುಂಡರೀಕಾಕ್ಷ ಮಾವ, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಎರಡೂ ಕೈ ಹೊಟ್ಟೆಯ ಮೇಲೆ. ಮಾವ ಅಂದರೆ ರಕ್ತಸಂಬಂಧವೇನೂ ಇಲ್ಲ, ಅಮ್ಮನ ಊರಿನವರು ಅಷ್ಟೆ, ಥಾಣೆಯಲ್ಲಿ ಊರಿನ ಗಂಡಸರೆಲ್ಲ ಮಾವಂದಿರೇ, ಸಂಬಳ ಕೊಡುವವರು ಸ್ವಲ್ಪ ಹೆಚ್ಚೇ ಮಾವ. ವರ್ತಕ ನಗರದ ಈ ಹೋಟೆಲಿನ ಗಲ್ಲೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಚಿಲ್ಲರೆ ಕೊಡುವವಳು ನಾನು, ಕಂಪನಿಗಳ ಕ್ಯಾಂಟೀನಿಗೆ ಹೋಗುವ ಇಡ್ಲಿಯ ಬಿಲ್ಲು ಬರೆಯುವವಳು ನಾನು, ತುರ್ಭೆಯಲ್ಲಿ ಹೊಸ ಕ್ಯಾಂಟೀನು ಹಿಡಿದ ಮೇಲೆ ಅದರ ಲೆಕ್ಕವೂ ನನ್ನ ತಲೆಗೇ, ಸಂಬಳ ಮಾತ್ರ ಸೇರಿದ ದಿನದ್ದೇ, ಕೇಳಬೇಕು, ಕೇಳಿಯೇ ಏಳಬೇಕು, ಆದರೆ ಮೊದಲು ಈ ಲೋಟ — ಇಲ್ಲ, ಮುಟ್ಟಬಾರದು, ಕೈಯನ್ನು ಸೆರಗಿನೊಳಗೆ ಇಟ್ಟುಕೋ ನಳಿನಾಕ್ಷಿ, ಎರಡೂ ಕೈ. ಆ ಕಥೆಯಲ್ಲಿ ರಾಕ್ಷಸ ಒಬ್ಬ ಬಡವಿಯ ಕಿವಿಯೋಲೆ ಹೊತ್ತೊಯ್ದಿದ್ದ, ತರಲಿಕ್ಕೆ ದೊಡ್ಡ ಮಗಳು ಹೋದಳು, ಬಾ ಮಗಳೇ ಹಸಿದಿದ್ದೀ ಅಂತ ಅವನು ಪಾಯಸ ಬಡಿಸಿದ, ಒಂದು ತುತ್ತು ಒಳಗೆ ಹೋದದ್ದೇ ಬಂದ ಕೆಲಸ ಮರೆತಳು, ಅವನ ಅಂಗಳ ಗುಡಿಸುತ್ತ ಅಲ್ಲೇ ಉಳಿದಳು, ಎರಡನೆಯವಳು ಹೋದಳು, ಅವಳೂ ತಿಂದಳು, ಪಾತ್ರೆ ತೊಳೆಯುತ್ತ ಉಳಿದಳು. ನಾನು ಚಾಪೆಯ ಮೇಲೆ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡು ಕೇಳುತ್ತಿದ್ದೆ, ಪಾಯಸದಲ್ಲಿ ದ್ರಾಕ್ಷಿ ಇತ್ತಾ ಅಜ್ಜಿ, ಇತ್ತು ಪುಟ್ಟಿ, ಗೋಡಂಬಿಯೂ ಇತ್ತು, ಹಾಗಾದರೆ ನಾನೂ ತಿನ್ನುತ್ತಿದ್ದೆ, ಅಂದಿದ್ದೆ, ಅಜ್ಜಿ ನಕ್ಕು ನನ್ನ ಕಿವಿ ಹಿಂಡಿದ್ದಳು — ತಿಂದೆಯೂ ಹೌದಲ್ಲ ಅಜ್ಜಿ, ಎರಡೆರಡು ಸಲ ತಿಂದೆ.

ಮೊದಲನೆಯ ಸಲ ಇದೇ ಕುರ್ಚಿ, ಇದೇ ಕಾಫಿ, ಜೊತೆಗೆ ಒಗ್ಗರಣೆ ಅವಲಕ್ಕಿ, ತಿಂದು ಬಾಯಿ ಒರೆಸಿಕೊಂಡು ನೋಡಿದರೆ ಕೇಳಲಿಕ್ಕೆ ಬಂದ ಮಾತು ಗಂಟಲಲ್ಲಿ ಇಲ್ಲ, ಅವಲಕ್ಕಿಯ ಜೊತೆ ಅದೂ ಇಳಿದು ಹೋಗಿತ್ತು, ಒಬ್ಬರು ಕೊಟ್ಟ ಲೋಟವನ್ನು ಎಂಜಲು ಮಾಡಿ ಕೈಯಲ್ಲಿ ಹಿಡಿದುಕೊಂಡು ಅವರ ಹತ್ತಿರವೇ ದುಡ್ಡಿನ ಮಾತು ಹೇಗೆ ಎತ್ತುವುದು, ನಮ್ಮಲ್ಲಿ ಹಾಗೆ ಬೆಳೆಸಿಲ್ಲ, ಉಂಡ ಮನೆಯ ಜಂತೆ ಎಣಿಸಬಾರದು ಅಂತಲ್ಲವಾ ಕಲಿಸಿದ್ದು, ಮಾವನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಎರಡನೆಯ ಸಲ ದೀಪಾವಳಿಗೆ, ಅವರ ಮನೆಗೇ ಹೋಗಿದ್ದೆ, ವಿನೋದಾ ಅತ್ತೆ ತಾನೇ ಬಾಳೆಲೆ ಹಾಕಿ ಕೂರಿಸಿದರು, ಹೋಳಿಗೆಗೆ ತುಪ್ಪ ಹಾಕಲಿಕ್ಕೆ ಬಗ್ಗಿದರು, ಬಗ್ಗಿದಾಗ ಅವರ ಕಿವಿ ನನ್ನ ಕಣ್ಣಿನ ಮಟ್ಟಕ್ಕೆ ಬಂತು, ಕಿವಿಯಲ್ಲಿ ಅಮ್ಮನ ಬೆಂಡೋಲೆ. ನನಗೆ ಗೊತ್ತು ಅದು ಅಮ್ಮನದ್ದೇ, ನಡುವಿನ ಕೆಂಪು ಕಲ್ಲಿನ ಸುತ್ತ ಏಳು ಬಿಳಿ ಕಲ್ಲು, ಒಂದು ಬಿಳಿಯದು ನಾನು ಮಗುವಾಗಿದ್ದಾಗ ಕಚ್ಚಿ ಸಡಿಲ ಮಾಡಿದ್ದು, ಅದು ಈಗಲೂ ವಾರೆ. ಅತ್ತೆಗೆ ನನ್ನ ಕಣ್ಣು ಅರ್ಥವಾಯಿತು, ನಾಚಿಕೆ ಆಗಲಿಲ್ಲ, ಪೆಟ್ಟಿಗೆಯಲ್ಲಿ ಇಟ್ಟರೆ ಕಲ್ಲು ಮಂಕಾಗ್ತದೆ ಮಾರಾಯ್ತಿ, ಹಾಕಿಕೊಂಡರೆ ಹೊಳಪು ಉಳಿಯುತ್ತದೆ, ನಿಮ್ಮಮ್ಮನಿಗೇ ಒಳ್ಳೆಯದಲ್ಲವಾ — ಇನ್ನೊಂದು ಹಾಕುತ್ತೇನೆ, ಮೂಳೆ ಎದ್ದಿದೆ ನಿನಗೆ, ತಿನ್ನು. ತಿಂದೆ. ಮೂರು ಹೋಳಿಗೆ ತಿಂದೆ. ಆ ನಾಲಿಗೆಯನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ, ರಾತ್ರಿ ಲೋಕಲ್ ರೈಲಿನಲ್ಲಿ ಡೊಂಬಿವಲಿಗೆ ಹೋಗುತ್ತ ಅದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದ್ದೆ, ಕಳವಾ ದಾಟುವ ತನಕ. ಬೆಂಡೋಲೆ ಅವರ ಪೆಟ್ಟಿಗೆಗೆ ಹೋದದ್ದು ಮಿಲ್ಲುಗಳ ಮುಷ್ಕರದ ವರ್ಷ, ಅಪ್ಪ ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿ ಅಡುಗೆಯವರು, ಮಿಲ್ಲು ಮುಚ್ಚಿದ ಮೇಲೆ ಕ್ಯಾಂಟೀನಿನಲ್ಲಿ ತಿನ್ನುವವರು ಯಾರು, ಅಂಗಡಿಯವನ ಬಾಕಿ, ಕೋಣೆಯ ಬಾಡಿಗೆಯ ಬಾಕಿ, ಮಾವನೇ ಮನೆಗೆ ಬಂದು ದುಡ್ಡು ಕೊಟ್ಟರು, ನಮ್ಮವರು ಬೀದಿಗೆ ಬೀಳಬಾರದು ಅಂದರು, ಹೊರಡುವಾಗ ಓಲೆ ಜೋಡಿ ನನ್ನಲ್ಲಿ ಇರಲಿ ಅಕ್ಕಾ, ನಿಮಗೇ ಧೈರ್ಯ, ಅಂದರು, ಹುಡುಗಿಯನ್ನೂ ಗಲ್ಲೆಗೆ ಕಳಿಸಿ ಅಂದರು. ನನ್ನ ಸಂಬಳದ ಅರ್ಧವನ್ನು ಅವರೇ ಹಿಡಿದುಕೊಳ್ಳುತ್ತಾರೆ, ಆ ಅರ್ಧ ಬಡ್ಡಿಗೇ ಸರಿಯಾಗುತ್ತದೆ, ಅಸಲು ಅಂಗಳದಲ್ಲಿ ಮಲಗಿದ ಎಮ್ಮೆಯ ಹಾಗೆ ಅಲುಗುವುದಿಲ್ಲ, ಸಂಬಳ ಏರಿದರೆ ಮಾತ್ರ ಅದು ಏಳುತ್ತದೆ, ಅದು ಎದ್ದರೆ ಮಾತ್ರ ಓಲೆ. ಮನೆಯಲ್ಲಿ ಅಮ್ಮ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಬೆರಳಿನ ಗೆಣ್ಣಿನಷ್ಟು ಮುರಿದು, ಕಿವಿಯ ತೂತಿಗೆ ಸಿಕ್ಕಿಸಿಕೊಳ್ಳುತ್ತಾಳೆ, ಇಲ್ಲದಿದ್ದರೆ ತೂತು ಮುಚ್ಚಿಹೋಗ್ತದೆ ಪುಟ್ಟಿ, ಓಲೆ ಬಂದಾಗ ಎಲ್ಲಿ ಹಾಕುವುದು — ಗುಡಿಸುವ ಕಡ್ಡಿ, ನನ್ನ ಅಮ್ಮನ ಕಿವಿಯಲ್ಲಿ, ಎರಡೂ ಕಿವಿಯಲ್ಲಿ.

ಹಬೆ ಕಡಿಮೆಯಾಯಿತು. ನೊರೆ ಒಡೆದು ಒಂದೊಂದೇ ಗುಳ್ಳೆ ಕಣ್ಣು ಮುಚ್ಚುತ್ತಿದೆ, ಬೆಳಗಿನಿಂದ ಏನೂ ತಿಂದಿಲ್ಲ, ಅಮ್ಮ ಇಟ್ಟ ಗಂಜಿ ಭಯಕ್ಕೆ ಇಳಿಯಲಿಲ್ಲ, ಈಗ ಆ ವಾಸನೆಗೆ ಹೊಟ್ಟೆಯೊಳಗಿನಿಂದ ಏನೋ ಎದ್ದು ಬಂದು ಹಲ್ಲಿನ ಹಿಂದೆ ನಿಂತಿದೆ, ಒಂದೇ ಗುಟುಕು ಅನ್ನುತ್ತದೆ, ಒಂದು ಗುಟುಕಿಗೆ ಏನಾಗ್ತದೆ — ಅವಳೂ ಹಾಗೇ ಅಂದುಕೊಂಡಳು, ದೊಡ್ಡ ಮಗಳು. ಹಿತ್ತಲಿನಲ್ಲಿ ಪಾತ್ರೆ ತಿಕ್ಕುವ ಸಪ್ಪಳ, ಸಾಬವ್ವ, ರಾಯಚೂರು ಕಡೆಯವಳು, ನಿನ್ನೆ ಬೂದಿಗೈಯನ್ನೇ ನನ್ನ ಮುಂದೆ ಆಡಿಸುತ್ತ ಹೇಳಿದಳು, ಅಕ್ಕಾರ, ಮಾಲಕನ ಚಾ ಮುಟ್ಟಬ್ಯಾಡ್ರಿ, ನಾ ಪಗಾರ ಕೇಳಾಕ ಹೋಗಿ ಒಂದ್ ಕಪ್ ಚಾ ಕುಡುದು ಬಂದೀನಿ, ಮೂರ್ ವರ್ಷಾತು, ಇನ್ನಾ ಬಾಯಿ ಬಿಟ್ಟಿಲ್ಲ ನೋಡ್ರಿ. ನಾನು ನಕ್ಕೆ, ಅವಳೂ ನಕ್ಕಳು, ಆಮೇಲೆ ನೆನಪಾಯಿತು, ಎರಡನೆಯ ಮಗಳು ಪಾತ್ರೆ ತೊಳೆಯುತ್ತ ಉಳಿದಳು ಅಂತಲ್ಲವಾ ಅಜ್ಜಿ ಹೇಳಿದ್ದು. ಮತ್ತೆ ನಿನ್ನೆಯೇ ಅದೂ ಕಿವಿಗೆ ಬಿತ್ತು, ಅತ್ತೆ ಹೋಟೆಲಿಗೆ ಬಂದವರು ಗಲ್ಲೆಯ ಪಕ್ಕದಲ್ಲೇ ನಿಂತು ಮಾವನಿಗೆ ಹೇಳುತ್ತಿದ್ದರು, ಬಾಗಿಯ ಮದುವೆಗೆ ಹೊಸತು ಯಾಕೆ ಮಾಡಿಸುವುದು, ಆ ಬೆಂಡೋಲೆಯನ್ನೇ ಪಾಲಿಶ್ ಮಾಡಿಸಿ ಕೊಡುವಾ, ಅವರೆಲ್ಲಿ ಬಿಡಿಸಿಕೊಳ್ಳುತ್ತಾರೆ — ನಾನು ಅಲ್ಲೇ ಇದ್ದೆ, ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದೆ, ಗಲ್ಲೆಯ ಡ್ರಾಯರಿಗೆ ಕಿವಿಯಿಲ್ಲ ಅಂದುಕೊಂಡ ಹಾಗೆ ನನಗೂ ಇಲ್ಲ ಅಂದುಕೊಂಡಿರಬೇಕು. ಅವರ ಮಗಳು ಬಾಗಿಯ ಮೇಲೆ ನನಗೆ ಸಿಟ್ಟಿಲ್ಲ, ಪಾಪದ ಹುಡುಗಿ, ಆದರೆ ಆ ಮದುವೆಯ ಮಂಟಪವನ್ನು ನಿನ್ನೆಯಿಂದ ನಾನು ಮನಸ್ಸಿನಲ್ಲೇ ಎಷ್ಟು ಸಲ ಕಟ್ಟಿದ್ದೇನೆ, ಊರಿನವರೆಲ್ಲ ಕೂತಿದ್ದಾರೆ, ವಿನೋದಾ ಅತ್ತೆ ಆರತಿ ತಟ್ಟೆ ಹಿಡಿದು ಬರುತ್ತಾರೆ, ಜರಿಸೀರೆ, ತಲೆತುಂಬ ಮಲ್ಲಿಗೆ, ಕಿವಿಯಲ್ಲಿ ಮಾತ್ರ ಹಿಡಿಸೂಡಿ ಕಡ್ಡಿ, ಒಬ್ಬೊಬ್ಬರೇ ನೋಡುತ್ತಾರೆ, ಪಕ್ಕದವರನ್ನು ತಿವಿಯುತ್ತಾರೆ, ಮತ್ತೆ ಮೊದಲಿನಿಂದ, ಆರತಿ ತಟ್ಟೆ, ಜರಿಸೀರೆ, ಕಡ್ಡಿ, ರೈಲು ಮುಂಬ್ರಾ ದಾಟುವಾಗ ಒಬ್ಬಳೇ ನಕ್ಕದ್ದಕ್ಕೆ ಎದುರಿಗಿದ್ದ ಮೀನಿನ ಬುಟ್ಟಿಯವಳು ಕಾಯ್ ಝಾಲಂ ಪೋರಿ ಅಂದಳು. ಏನಾಗಿಲ್ಲ ಮಾವಶಿ, ಇನ್ನೂ ಆಗಬೇಕು. ಅಮ್ಮನಿಗೆ ಎಲ್ಲ ಹೇಳಲಿಲ್ಲ, ಅವಳ ತಲೆಯ ಮೇಲೆ ಕೈಯಿಟ್ಟು ಇಷ್ಟೇ ಹೇಳಿದೆ, ಇವತ್ತು ಕೇಳಿಯೇ ಬರುತ್ತೇನೆ, ಅಮ್ಮ ಹೆದರಿ, ಜೋರು ಮಾಡಬೇಡ ಪುಟ್ಟಿ, ಅವರು ನಮಗೆ ಅನ್ನ ಕೊಟ್ಟವರು — ಅನ್ನ, ಅದೇ ಅನ್ನ.

ಇವತ್ತೇ ಯಾಕೆಂದರೆ ಇವತ್ತು ಕೋಣೆಯಲ್ಲಿ ಶೇಖರಣ್ಣ ಇದ್ದಾರೆ, ಕಲ್ಯಾಣದಿಂದ ಬಂದವರು, ನಮ್ಮ ಊರಿನವರ ಸಂಘದ ಕಾರ್ಯದರ್ಶಿ, ಬರುವ ಭಾನುವಾರ ಮಾವನನ್ನು ಅಧ್ಯಕ್ಷರನ್ನಾಗಿ ಮಾಡುವುದೋ ಬಿಡುವುದೋ ಅವರ ಒಂದು ಮಾತಿನ ಮೇಲೆ. ಅವರು ಒಳಗೆ ಹೋಗುವುದನ್ನು ಕಾದು ನಾನು ಗಲ್ಲೆಯಿಂದ ಎದ್ದೆ, ಮುರಾರಿಗೆ ಗಲ್ಲೆಯ ಕಡೆ ಒಂದು ಕಣ್ಣಿಡು ಅಂದೆ, ಬಾಗಿಲು ತಟ್ಟದೆ ಒಳಗೆ ಬಂದೆ, ಮಾವ ಒಂದು ಕ್ಷಣ ಹುಬ್ಬು ಗಂಟಿಕ್ಕಿ ಕೂಡಲೇ ನಗು ಹಚ್ಚಿಕೊಂಡರು, ಬಾ ಬಾ ನಳಿನಿ, ನಮ್ಮ ಹುಡುಗಿಯೇ ಶೇಖರಣ್ಣ, ಮನೆಯ ಮಗಳ ಹಾಗೆ, ಏ ಮುರಾರಿ, ಇವಳಿಗೂ ಒಂದು ಕಾಫಿ. ಈಗ ಅದೇ ಮಾತು ಎಷ್ಟನೆಯ ಸಲವೋ ಹೇಳುತ್ತಿದ್ದಾರೆ, ಈ ಪುಂಡರೀಕಾಕ್ಷನ ಹೋಟೆಲಿನಿಂದ ಊರಿನವರೊಬ್ಬರು ಹಸಿದು ಹೋದದ್ದುಂಟಾ ಶೇಖರಣ್ಣ, ಒಬ್ಬರನ್ನು ತೋರಿಸಿ — ಸಂಘದ ಪ್ರತಿ ಸಭೆಯಲ್ಲೂ ಹೇಳುವ ಮಾತು, ಚಪ್ಪಾಳೆ ಬೀಳುವ ಮಾತು, ಬೇರೆ ರಾಕ್ಷಸರ ಜೀವ ಏಳು ಸಮುದ್ರದಾಚೆಯ ದುಂಬಿಯಲ್ಲಿ ಇರುತ್ತದಂತೆ, ಇವನ ಜೀವ ಎಲ್ಲಿದೆ ಅಂತ ನನಗೆ ಈಗ ಕಾಣುತ್ತಿದೆ ಅಜ್ಜಿ, ನನ್ನ ಎದುರೇ ಇದೆ, ಸ್ಟೀಲಿನ ಲೋಟದಲ್ಲಿ, ಹಿಸುಕಬೇಕಾಗಿಲ್ಲ, ಮುಟ್ಟದಿದ್ದರೆ ಸಾಕು. ಮೂರನೆಯ ಮಗಳು ತಿನ್ನಲಿಲ್ಲ, ತಿನ್ನದೆ ಕೂತಳು, ತಿನ್ನದವಳನ್ನು ಏನು ಮಾಡಬೇಕೆಂದು ರಾಕ್ಷಸನಿಗೆ ಗೊತ್ತಿರಲಿಲ್ಲ, ಅವನಿಗೆ ತಿನ್ನಿಸಲಿಕ್ಕೆ ಮಾತ್ರ ಗೊತ್ತಿತ್ತು. ಹಬೆ ನಿಂತಿದೆ. ಕಾಫಿಯ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿದೆ, ನಡುವೆ ಇನ್ನೂ ಒಂದು ಸಣ್ಣ ತೂತು, ಕುಡಿಯೇ ಮಗಾ, ಆರಿಹೋಗ್ತದೆ, ಎನ್ನುತ್ತಾರೆ ಮಾವ, ಆರಲಿ ಮಾವ, ಎನ್ನುತ್ತದೆ ಯಾರದೋ ಸ್ವರ, ನನ್ನದೇ, ನನ್ನ ಸಂಬಳ ಏರಿಸಬೇಕು, ಅದು ಆಗದೆ ನಿಮ್ಮಲ್ಲಿ ಒಂದು ಹನಿ ನೀರೂ ನನಗೆ ಇಳಿಯುವುದಿಲ್ಲ — ಹೊರಗೆ ಬಂತು, ಅಮ್ಮ, ಹೊರಗೆ ಬಂತು, ಮೇಜಿನ ಮೇಲೆ ಕೂತಿದೆ ಮಾತು, ಲೋಟದ ಪಕ್ಕದಲ್ಲಿ, ಇನ್ನು ಅದನ್ನು ಯಾರೂ ನುಂಗುವ ಹಾಗಿಲ್ಲ. ಮಾವ ನಗಲಿಕ್ಕೆ ನೋಡುತ್ತಾರೆ, ಇದೆಂತ ತಮಾಷೆ, ಅದೆಲ್ಲ ಮತ್ತೆ ಮಾತಾಡುವಾ, ಹಿರಿಯರು ಕೂತಿದ್ದಾರೆ — ಮತ್ತೆ ಅಲ್ಲ ಮಾವ, ಈಗ, ತುರ್ಭೆಯ ಲೆಕ್ಕವೂ ನಾನೇ ಬರೆಯುವುದು, ಅರ್ಧ ಸಂಬಳ ಬಡ್ಡಿಗೇ ಹೋಗ್ತದೆ, ಅಸಲು ಹಾಗೇ ಉಂಟು, ಅಮ್ಮನ ಬೆಂಡೋಲೆ ಅಸಲು ತೀರದೆ ಬರುವುದಿಲ್ಲ. ಓಲೆಗೆ ಎಂತ ಆಗಿದೆ, ಭದ್ರವಾಗಿ ಉಂಟು, ಎನ್ನುತ್ತಾರೆ, ಸ್ವರ ಏರುತ್ತದೆ. ಹೌದು ಮಾವ, ಅತ್ತೆಯ ಕಿವಿಯಲ್ಲಿ ಭದ್ರವಾಗಿ ಉಂಟು, ಬಾಗಿಯ ಕಿವಿಗೆ ಹೋದರೆ ಇನ್ನೂ ಭದ್ರ. ಬಾಗಿಲ ಸಂದಿಯಲ್ಲಿ ಮುರಾರಿ ಕೆಮ್ಮಿದ, ಅದು ಕೆಮ್ಮಲ್ಲ, ನಗು, ಹಿತ್ತಲಿನಲ್ಲಿ ಸಾಬವ್ವನ ಪಾತ್ರೆಗಳು ಸುಮ್ಮನಾಗಿವೆ, ಶೇಖರಣ್ಣ ತುಟಿಯವರೆಗೆ ಒಯ್ದ ಲೋಟವನ್ನು ಅಲ್ಲೇ ಹಿಡಿದು ಕೂತಿದ್ದಾರೆ, ಕುಡಿಯುತ್ತಾರಾ, ಕುಡಿಯಬೇಡಿ, ಕುಡಿಯಬೇಡಿ ಶೇಖರಣ್ಣ — ಇಳಿಸಿದರು. ಟಕ್. ಎಂತ ಪುಂಡರೀಕಾಕ್ಷ ಇದು, ಊರಿನ ಹೆಣ್ಣುಮಗಳು ನಿನ್ನ ಕಾಫಿ ಮುಟ್ಟುವುದಿಲ್ಲ ಅಂತಾಳಲ್ಲ, ನನಗೆ ಹೇಗೆ ಇಳಿಯುವುದು ಮಾರಾಯಾ. ಎರಡು ಲೋಟ ಈಗ, ಮೇಜಿನ ಮೇಲೆ, ಎರಡೂ ತುಂಬಿ. ಮಾವನ ಮುಖ ಇಷ್ಟು ಬೇಗ ಇಳಿಯುತ್ತದೆಂದು ನನಗೆ ಗೊತ್ತಿರಲಿಲ್ಲ, ಗಲ್ಲ ಎರಡೂ ಕೆಳಗೆ ಬಂದವು, ಕೈ ಹೊಟ್ಟೆಯಿಂದ ಜಾರಿತು, ನನಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸುವುದಿಲ್ಲ, ಇನ್ನೂ ಸ್ವಲ್ಪ ಇಳಿಯಲಿ, ಹೋಳಿಗೆ ಒಂದಕ್ಕೆ ಒಂದು ಬೆರಳಿನಷ್ಟು. ಆಯಿತು ಮಾರಾಯ್ತಿ, ಬರುವ ತಿಂಗಳಿಂದ ಒಂದೂವರೆ ಪಟ್ಟು ಸಂಬಳ, ಹೆಚ್ಚಾದದ್ದೆಲ್ಲ ಅಸಲಿಗೇ ಹಿಡಿಯುವಾ, ಓಲೆ ಬಾಗಿಗೂ ಇಲ್ಲ ಯಾರಿಗೂ ಇಲ್ಲ, ಶೇಖರಣ್ಣನೇ ಸಾಕ್ಷಿ, ಸಾಕಾ, ಎನ್ನುತ್ತಾರೆ ಮಾವ. ಇವತ್ತು ಅತ್ತೆಯ ಕಿವಿಯಿಂದ ಇಳಿಯಬೇಕು ಮಾವ. ಅವರು ಶೇಖರಣ್ಣನನ್ನು ನೋಡುತ್ತಾರೆ, ಶೇಖರಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಇಳಿಸುತ್ತಾಳೆ, ಇವತ್ತೇ, ಎನ್ನುತ್ತಾರೆ ಮಾವ, ನೆಲ ನೋಡುತ್ತ. ಆಯಿತು ಅಮ್ಮ, ಕೇಳಿದೆ, ನೀನು ಕಡ್ಡಿ ಸಿಕ್ಕಿಸಿಕೊಂಡೇ ಇರು, ತೂತು ಮುಚ್ಚಲಿಕ್ಕೆ ಬಿಡಬೇಡ — ಈಗಾದರೂ ಕುಡಿ ಮಗಾ, ಎನ್ನುತ್ತಾರೆ ಅವರು, ಲೋಟವನ್ನು ಬೆರಳಿನಿಂದ ನನ್ನತ್ತ ಸರಿಸುತ್ತಾರೆ, ಮುರಾರಿಗೆ ಹೇಳಿ ಬಿಸಿ ಮಾಡಿಸುವುದಾ, ಇದು ಹೊಸ ಸ್ವರ, ಬೇಡುವ ಸ್ವರ, ಬೇಡಲಿ, ನಾನು ನೋಡುತ್ತೇನೆ, ಲೋಟ ಸರಿದ ರಭಸಕ್ಕೆ ಕೆನೆ ಒಮ್ಮೆ ನಡುಗಿ ಸುಕ್ಕಾಯಿತು, ಹರಿಯಲಿಲ್ಲ, ಅಂಚಿನಿಂದ ಅಂಚಿಗೆ ದಪ್ಪಗೆ ಕಟ್ಟಿದೆ, ತಣ್ಣಗೆ, ಕಂದು, ಯಾರ ತುಟಿಯೂ ತಾಗದ ಕೆನೆ, ಕೆನೆ