ಹಳದಿ ಹನಿಯ ಚಿತ್ರ

ಮೂಕಾಂಬಿಕಾ ಮಗಳ ಮೊಬೈಲಿನ ಪರದೆಯನ್ನು ಮತ್ತೊಮ್ಮೆ ಸರಿಸಿದರು. ವಾಟ್ಸಾಪ್ ಇತ್ತು, ಕ್ಯಾಮರಾ ಇತ್ತು, ಗಡಿಯಾರ ಇತ್ತು. ಹಳದಿ ಹನಿಯ ಚಿತ್ರ ಮಾತ್ರ ಎಲ್ಲೂ ಇರಲಿಲ್ಲ. ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿದ್ದ ಗಾನಶ್ರೀಯ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಮಗಾ, ಶುಗರಿನ ಆಪ್ ಎಲ್ಲಿ ಉಂಟು?"

"ಪಾಯಸಕ್ಕೆ ಉಪ್ಪು ಹಾಕಿದ್ದೇನೆ," ಎಂದಳು ಗಾನಶ್ರೀ.

ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿರಲಿಲ್ಲ; ಅವಳು ಬಡಬಡಿಸುತ್ತಿದ್ದಳು.

ಆ ಆಪನ್ನು ಅಡಗಿಸಲು ಹೇಳಿದ್ದು ಮೂಕಾಂಬಿಕಾರೇ. ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗಿ ಎಂದು ಗೊತ್ತಾದದ್ದೇ ತಡ, ಎರಡು ಸಂಬಂಧಗಳು ಜಾತಕದ ನೆಪ ಹೇಳಿ ತಪ್ಪಿಹೋಗಿದ್ದವು. ಕೂಡಿದ ಜಾತಕವೂ ಎರಡೇ ದಿನದಲ್ಲಿ ಬಿಟ್ಟುಹೋಗುತ್ತದೆ ಎಂದು ಮೂಕಾಂಬಿಕಾರಿಗೆ ತಿಳಿದದ್ದು ಆಗಲೇ. ಈ ಸಲ ಹುಡುಗ, ಹುಡುಗಿ ನಂಬರ್ ಕೊಟ್ಟುಕೊಳ್ಳುವಾಗ ಅವನ ಕಣ್ಣು ಆ ಚಿತ್ರದ ಮೇಲೆ ಬೀಳಬಾರದು. "ನಿಶ್ಚಯ ಆದ ಮೇಲೆ ಹೇಳುವ" ಎಂದು ಕಿರಿಮಗಳು ತನ್ಮಯೀಯಿಂದ ಅದನ್ನು ಅಡಗಿಸಿ, ಶುಗರ್ ಏರಿಳಿದರೆ ಕೂಗುವ ಅಲಾರಮ್ಮಿನ ಬಾಯಿಯನ್ನೂ ಮುಚ್ಚಿಸಿದ್ದರು. ಶುಗರ್ ಅಳೆದು ಮೊಬೈಲಿಗೆ ಕಳಿಸಲು ತೋಳಿಗೆ ಅಂಟಿಸಿದ ಬಿಲ್ಲೆ ಉದ್ದ ತೋಳಿನ ರವಿಕೆಯೊಳಗೆ ಸೇರಿತ್ತು. ಸೂಜಿ, ರಕ್ತ ನೋಡುವ ಮಿಶನು ಯಾರ ಕಣ್ಣಿಗೂ ಬೀಳದಂತೆ ಗುಡ್ಡದಾಚೆಯ ಪರಿಚಯದ ಆಸ್ಯಮ್ಮನ ಮನೆಗೆ ಹೋಗಿದ್ದವು.

ಹನ್ನೆರಡಕ್ಕೆ ಊಟಕ್ಕೆ ಬರುತ್ತೇವೆ ಎಂದಿದ್ದ ಹುಡುಗನ ಕಡೆಯವರು ಗುಂಡ್ಯದ ಘಾಟಿಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಈಶ್ವರಮಂಗಲದ ಈ ಮನೆ ಮುಟ್ಟುವಾಗ ಒಂದೂವರೆ. ಸೂಜಿ ಕಳಿಸುವ ಮೊದಲೇ ಗಾನಶ್ರೀ ಊಟದ ಹೊತ್ತಿಗೆಂದು ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಬಂದವರಿಗೆ ಬಡಿಸುವ ಮೊದಲು ಹುಡುಗಿ ಉಣ್ಣುವುದುಂಟೇ? "ಒಂದು ಬಾಳೆಹಣ್ಣು ತಿನ್ನಲಾ?" ಎಂದಾಗ "ಈಗ ಬಂದ್ರು, ಸ್ವಲ್ಪ ತಡಿ" ಎಂದದ್ದೂ ತಾಯಿಯೇ.

ಕಳೆದ ವರ್ಷ ಅವಳು ಹೀಗೆಯೇ ಕುಸಿದು ಕುಳಿತಾಗ ಶುಗರ್ ಐನೂರು ದಾಟಿತ್ತು. ಈಗ ಏರಿದ್ದೋ, ಇಳಿದದ್ದೋ? ಸಕ್ಕರೆ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಏರಿದ್ದಾದರೆ ಅದೇ ವಿಷ; ಮುಟ್ಟಲು ಹೆದರಿಕೆ. ತನ್ಮಯೀಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವಳು ಪುತ್ತೂರಿನಲ್ಲಿ ಪರೀಕ್ಷೆಗೆ ಕುಳಿತಿದ್ದಳು.

"ಎಲೆ ಹಾಕಿ ಆಯ್ತು, ಬಡಿಸುದಲ್ವಾ?" ಚಾವಡಿಯಿಂದ ಗಂಡ ಕೃಷ್ಣಮೋಹನ ಕೂಗಿದರು.

ಗಾನಶ್ರೀಯ ತಲೆ ಒಂದು ಬದಿಗೆ ವಾಲಿತು.

ಮೂಕಾಂಬಿಕಾ ಚಾವಡಿಗೆ ಓಡಿದರು. ಎಲೆಯ ಮುಂದೆ ಕುಳಿತಿದ್ದ ಹುಡುಗ ಶಶಾಂಕನ ಕೈಗೆ ಮೊಬೈಲ್ ತುರುಕಿದರು.

"ಇದರಲ್ಲಿ ಒಂದು ಆಪ್ ಅಡಗಿಸಿ ಇಟ್ಟಿದ್ದೇವೆ. ಅವಳಿಗೆ ಶುಗರ್ ಉಂಟು. ನಿಮಗೆ ಕಾಣಬಾರದು ಅಂತಲೇ ಅಡಗಿಸಿದ್ದು. ದಮ್ಮಯ್ಯ, ಹುಡುಕಿ ಕೊಡಿ."

ಪಕ್ಕದ ಎಲೆಯ ಮುಂದಿದ್ದ ಶಶಾಂಕನ ತಾಯಿ ನೀರಿನ ಲೋಟ ಕೆಳಗಿಟ್ಟರು. ಕೃಷ್ಣಮೋಹನ ನೆಲ ನೋಡಿದರು. ಶಶಾಂಕ ಸೆಟ್ಟಿಂಗ್ಸಿನಲ್ಲಿ ಎರಡು ಕಡೆ ಒತ್ತಿದ.

"ನಲ್ವತ್ತಾರು ತೋರಿಸ್ತಾ ಉಂಟು. ಬಾಣ ಕೆಳಗೆ."

"ಇಳಿದದ್ದು!" ಎನ್ನುತ್ತಾ ಮೂಕಾಂಬಿಕಾ ಒಳಗೆ ಓಡಿದರು. ಸಕ್ಕರೆ ನೀರು ಅರ್ಧ ಮಗಳ ಸೀರೆಯ ಮೇಲೆ ಚೆಲ್ಲಿತು, ಉಳಿದರ್ಧವನ್ನು ಅವಳು ಗುಟುಕು ಗುಟುಕಾಗಿ ನುಂಗಿದಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು ಕೇಳಿದಳು, "ಅಮ್ಮಾ, ಅವರು ಬಂದ್ರಾ?"

ಶಶಾಂಕ ಅಡುಗೆಮನೆಯ ಹೊಸ್ತಿಲಿನ ಮೇಲೆ ಮೊಬೈಲ್ ಇಟ್ಟು ಚಾವಡಿಗೆ ತಿರುಗಿದ. ಹಳದಿ ಹನಿ ಈಗ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿತ್ತು. ಚಾವಡಿಯಲ್ಲಿ ಅವನ ತಾಯಿಯ ಸ್ವರ ಕೇಳಿಸಿತು. "ಜಾತಕ ಇನ್ನೊಬ್ಬರಿಗೆ ಒಮ್ಮೆ ತೋರಿಸುದು ಒಳ್ಳೆದು ಅಂತ ಕಾಣ್ತದೆ."

ಅಂಗಳದಲ್ಲಿ ಕಾರು ಸ್ಟಾರ್ಟ್ ಆಯಿತು.

"ಅವರು ಹೊರಟ್ರು. ಒಮ್ಮೆ ಹೊರಗೆ ಬಾ ಮಾರಾಯ್ತಿ," ಎಂದರು ಕೃಷ್ಣಮೋಹನ.

ಮೂಕಾಂಬಿಕಾ ಏಳಲಿಲ್ಲ. ಬಂದವರಿಗೆಂದು ತಂದು ಉಳಿದಿದ್ದ ಎಲೆಯೊಂದನ್ನೇ ಎಳೆದುಕೊಂಡು, ಅನ್ನ ಹಾಕಿ ಕಲಸಿ ಮಗಳ ಬಾಯಿಗಿಟ್ಟರು. ಮೊಬೈಲ್ ನೋಡಿದರು. ಐವತ್ತೆಂಟು, ಬಾಣ ಮೇಲೆ. ಇನ್ನೊಂದು ತುತ್ತು ಕಲಸಿದರು.