ಸಿಪ್ಪೆಗಂಟಿದ ಬ್ಲಾಕ್‌ಚೈನ್

ಸರಕು ಸಾಗಣೆಯಲ್ಲಿ ಬ್ಲಾಕ್‌ಚೈನ್ ಬಳಸುವ ಬಗ್ಗೆ ಪ್ರೊಫೆಸರ್ ಲಕ್ಷ್ಮೀನರಸಿಂಹಯ್ಯನವರು ನಾನೂರ ಹನ್ನೆರಡು ಸಂಶೋಧನಾ ಲೇಖನ ಓದಿದ್ದರು. ಒಂದು ತೆಂಗಿನಕಾಯಿಯನ್ನೂ ಸುಲಿದಿರಲಿಲ್ಲ. ಇದು ಬಯಲಾಗಲು ಹನ್ನೊಂದು ತಿಂಗಳು ಹಿಡಿಯಿತು.

ತುಮಕೂರಿನ ಕಾಲೇಜಿನಲ್ಲಿ ಅವರ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದವನು ಮರಳೂರಿನ ಅಂಜನ್‌ಕುಮಾರ್. ಬಸ್ಸಿಗೆ ಕೈ ಅಡ್ಡ ಹಿಡಿಯುವುದನ್ನೂ ಇಂಟರ್ವಲ್ ಸೀನಿನಂತೆ ಮಾಡುವ ಆಸಾಮಿ. ಗುಬ್ಬಿ ಹತ್ತಿರ ತೋಟವಿದ್ದ ಸೋದರತ್ತೆ ಹೊಂಬಾಳಮ್ಮನ ಮುಂದೆಯೂ ಹಾಗೇ ನಿಂತಿದ್ದ.

"ಅತ್ತೆ, ಇಷ್ಟ್ ದಿನ ನಿನ್ ಕೊಬ್ರಿ ಮಾರ್ಕೆಟ್ ಹುಡುಕ್ಕೊಂಡ್ ಹೋಗ್ತಿತ್ತು. ಇನ್ಮೇಲೆ ಮಾರ್ಕೆಟ್ಟೇ ನಿನ್ ಬಾಗ್ಲಿಗೆ ಬರುತ್ತೆ. ಮಾತು ಕೊಡ್ತಿರೋನು ಅಂಜನ್."

ಕುಣಿಗಲ್‌ನ ಕಂಪನಿಯೊಂದು ಕೊಬ್ಬರಿ ಕೊಳ್ಳಲು ಒಪ್ಪಿತ್ತು. ಷರತ್ತು ಒಂದೇ: ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಕಾಯಿಯ ಜಾತಕವೆಲ್ಲ ಬರಬೇಕು. ಒಮ್ಮೆ ಬರೆದರೆ ಯಾರೂ ತಿದ್ದಲಾಗದ ಲೆಕ್ಕ, ಅದೇ ಬ್ಲಾಕ್‌ಚೈನ್ ಎಂದು ಪ್ರೊಫೆಸರು ಜಗುಲಿಯಲ್ಲಿ ಕೂತು ವಿವರಿಸಿದ್ದರು. ಅಣ್ಣನ ಮಗನ ಮಾತು ನಂಬಿದ ಹೊಂಬಾಳಮ್ಮ, ಇಪ್ಪತ್ತು ವರ್ಷದಿಂದ ಕೊಳ್ಳುತ್ತಿದ್ದ ವ್ಯಾಪಾರಿ ದಾಸಯ್ಯನಿಗೆ ಈ ಸಲ ಕೊಬ್ಬರಿ ಇಲ್ಲ ಎಂದುಬಿಟ್ಟಳು.

ಕಾಯಿ ಒಣಗಲು ಹಾಕಿದ್ದ ಅಟ್ಟ ಹತ್ತಿ ಅಂಜನ್ ಒಂದೊಂದು ಕಾಯಿಗೂ ಸ್ಕ್ಯಾನ್ ಮಾಡುವ ಸ್ಟಿಕ್ಕರ್ ಅಂಟಿಸಿದ.

"ಸಿಪ್ಪೆ ಮೇಲ್ ಯಾಕ್ಲಾ ಅಂಟಿಸ್ತೀಯ?" ಅತ್ತೆ ಕೆಳಗಿನಿಂದ ಕೇಳಿದಳು.

ಅವನು ಪ್ರೊಫೆಸರನ್ನು ಕೇಳಿದ. "ಮಾವಿನಹಣ್ಣಿನ ಸ್ಟಡಿಯಲ್ಲೂ ಸಿಪ್ಪೆ ಮೇಲೇ ಅಂಟಿಸಿದಾರೆ ಕಣಯ್ಯ. ಲೇಟೆಸ್ಟ್ ಟ್ರೆಂಡ್ ಏನಿದೆ ಓದ್ಕೊ" ಎಂದರು. ಅವನು ಓದಲಿಲ್ಲ, ಅಂಟಿಸಿದ.

ಹನ್ನೊಂದು ತಿಂಗಳಲ್ಲಿ ಕಾಯಿ ಒಳಗೊಳಗೇ ಒಣಗಿತು. ಆಳುಗಳು ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಮೂಟೆ ಕಟ್ಟಿದರು. ಸಿಪ್ಪೆ ಬಚ್ಚಲೊಲೆಗೆ ಹೋಯಿತು. ಯಾರೂ ತಿದ್ದಲಾಗದ ಲೆಕ್ಕದ ಉರಿಯಲ್ಲಿ ಮನೆಮಂದಿಯೆಲ್ಲ ಒಂದು ವಾರ ಬಿಸಿನೀರಿನ ಸ್ನಾನ ಮಾಡಿದರು.

ಲಾರಿಯ ಜೊತೆ ಬಂದ ಕಂಪನಿಯ ಗಂಗಾಧರ್, ಫೋನ್ ಹಿಡಿದು ಮೂಟೆಗಳಿಗೆ ಮೂರು ಸುತ್ತು ಪ್ರದಕ್ಷಿಣೆ ಹಾಕಿದ.

"ಸ್ಕ್ಯಾನ್ ಮಾಡೋದ್ ಯಾವುದನ್ನ ಸರ್?"

ಪ್ರೊಫೆಸರು ಅಂಜನ್‌ನ ಮುಖ ನೋಡಿದರು. ಅಂಜನ್ ಬಚ್ಚಲಮನೆಯ ಹೊಗೆ ನೋಡಿದ.

"ಇದನ್ನ ಫೇಲ್ಯೂರ್ ಅನ್ಬಾರ್ದು," ಪ್ರೊಫೆಸರು ಕನ್ನಡಕ ಒರೆಸಿಕೊಂಡರು. "ರಿಸರ್ಚ್ ಗ್ಯಾಪ್ ಇದು. ಇದರ ಮೇಲೇ ಇನ್ನೊಂದು ಪೇಪರ್ ಆಗುತ್ತೆ."

"ಪೇಪರ್ ಆಗ್ಲಿ ಸರ್. ನಮ್ಮತ್ತೆ ಕೊಬ್ರಿ ಏನಾಗ್ಬೇಕು?"

ಅಂಜನ್ ಒಲೆ ಪಕ್ಕದ ರಾಶಿ ಕೆದಕಿ, ಸುಡದೆ ಉಳಿದಿದ್ದ ಸಿಪ್ಪೆಯಿಂದ ಸ್ಟಿಕ್ಕರೊಂದನ್ನು ಕಿತ್ತ. ಪ್ರೊಫೆಸರ ಲ್ಯಾಪ್‌ಟಾಪ್ ಬ್ಯಾಗಿಗೆ ಅದನ್ನು ಅಂಟಿಸಿ, ಬ್ಯಾಗನ್ನು ಗಂಗಾಧರನ ಮುಂದೆ ಹಿಡಿದ.

"ಇದೊಂದ್ ಉಳ್ಕೊಂಡೈತೆ, ನೋಡಿ ಸಾರ್."

ಫೋನ್ ಟಿಂಗ್ ಎಂದಿತು. ಹಸಿರು ಟಿಕ್ ಬಿತ್ತು.

"ಹೊಂಬಾಳಮ್ಮನವರ ತೋಟ. ಕೆಮಿಕಲ್ ಹಾಕಿಲ್ಲ. ಹನ್ನೊಂದು ತಿಂಗಳು ಅಟ್ಟದಲ್ಲಿ," ಗಂಗಾಧರ್ ಓದಿದ. "ಇದು ಪಾಸು."

"ರೀ, ಅದು ನನ್ನ ಬ್ಯಾಗು," ಎಂದರು ಪ್ರೊಫೆಸರು.

"ಬ್ಯಾಗ್ ಪಾಸು, ಕೊಬ್ರಿ ಫೇಲು," ಅಂಜನ್ ಮೂಟೆಯ ಬಾಯಿ ಬಿಚ್ಚಿದ. "ಹೀರೋ ಒಳಗವ್ನೆ ಸಾರ್, ನೀವು ಪೋಸ್ಟರ್‌ಗೆ ಕೈ ಮುಗೀತಾ ಇದೀರ. ಒಂದ್ ಚೂರು ಕಚ್ಚಿ ನೋಡಿ."

"ಕಚ್ಚಿ ನೋಡೋಕೆ ನಮ್ ಆ್ಯಪ್‌ನಲ್ಲಿ ಆಪ್ಷನ್ ಇಲ್ಲ ಕಣಪ್ಪ."

ಲಾರಿ ಖಾಲಿ ಕುಣಿಗಲ್ ದಾರಿ ಹಿಡಿಯಿತು. ಪ್ರೊಫೆಸರು 'ರೈತರಲ್ಲಿ ತಿಳಿವಳಿಕೆಯ ಕೊರತೆ' ಎಂದು ಡೈರಿಯಲ್ಲಿ ಬರೆದುಕೊಂಡು, ಕೆಮಿಕಲ್ ಹಾಕದ ಬ್ಯಾಗನ್ನು ಹೆಗಲಿಗೇರಿಸಿ ಕಾರು ಹತ್ತಿದರು.

ಹೊಂಬಾಳಮ್ಮ ಬೈಯಲಿಲ್ಲ. ಅದನ್ನು ತಡೆಯಲಾಗದೆ ಅಂಜನ್ ಬೈಕ್ ಹತ್ತಿ ಗುಬ್ಬಿಯ ದಾಸಯ್ಯನ ಅಂಗಡಿಗೆ ಹೋದ.

"ಏನ್ಲಾ, ಕುಣಿಗಲ್ಲೋರು ಕೈ ಎತ್ತುಬುಟ್ರಾ?" ದಾಸಯ್ಯ ತಲೆ ಎತ್ತದೆ ಕೇಳಿದ.

ಅಂಜನ್ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಡೈಲಾಗನ್ನು ಅಲ್ಲೇ ಕೈಬಿಟ್ಟ. "ತಪ್ಪು ನಂದು ದಾಸಯ್ಯಣ್ಣ. ಅತ್ತೆದೇನೂ ಇಲ್ಲ. ಒಂದ್ಸಲ ಬಂದು ನೋಡು."

ದಾಸಯ್ಯ ಬಂದ. ಮೂಟೆಯ ತಳದವರೆಗೂ ಕೈ ಇಳಿಸಿ ಒಂದು ಕೊಬ್ಬರಿ ತೆಗೆದ. ಮೂಸಿದ, ಒಡೆದ, ತುಂಬಾ ಹೊತ್ತು ಅಗಿದ.

"ಕೊಬ್ರಿ ಚೆನ್ನಾಗೈತೆ ಹೊಂಬಾಳಕ್ಕ. ಯಾವಾಗ್ಲೂ ಕೊಡೋ ರೇಟೇ."

ಹೊಂಬಾಳಮ್ಮ ತಲೆಯಾಡಿಸಿದಳು. ಆಮೇಲೆ ಅಣ್ಣನ ಮಗನ ಕಡೆ ತಿರುಗಿದಳು.

"ನೋಡ್ತಾ ನಿಂತ್ಯಲ್ಲ. ಹದಿನೇಳು ಮೂಟೆ ಐತೆ, ಎತ್ತು. ನಿಮ್ಮ ಪ್ರೊಫೆಸರ್ ಬಂದು ಎತ್ತುತಾರೆ ಅನ್ಕೊಂಡಿದೀಯೇನ್ಲಾ?"